ಕರ್ನಾಟಕದ ಕುಲಪುರೋಹಿತ ಆಲೂರು ವೆಂಕಟರಾಯರು (1880–1964)

ಧಾರವಾಡವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡು ಕರ್ನಾಟಕದ ಏಕೀಕರಣಕ್ಕಾಗಿ ಶ್ರಮಿಸಿದ ಮಹನೀಯರಲ್ಲಿ ಆಲೂರು ವೆಂಕಟರಾಯರು ಅಗ್ರಗಣ್ಯರು. ಇವರು 1880ರ ಜುಲೈ 12ರಂದು ಇಂದಿನ ವಿಜಯಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮುಂಬಯಿಯಲ್ಲಿ ಕಾನೂನು ಪದವಿ ಪಡೆದು, ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಅಂದಿನ ಪರಿಸ್ಥಿತಿ

ಆ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೂ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದ್ರಾಸ್ ಪ್ರಾಂತಕ್ಕೂ, ಬೀದರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದವು. ಮೈಸೂರು ಸಂಸ್ಥಾನ ಮತ್ತು ಕೊಡಗು ಪ್ರತ್ಯೇಕವಾಗಿದ್ದವು. ಧಾರವಾಡ ಭಾಗದಲ್ಲಿ ಮರಾಠಿಯ ಪ್ರಾಬಲ್ಯವಿದ್ದು, ಕನ್ನಡದ ಏಳಿಗೆಗಾಗಿ 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದರು.

ಏಕೀಕರಣಕ್ಕೆ ಸಲ್ಲಿಸಿದ ಸೇವೆ

1905ರಲ್ಲಿ ಹಂಪೆಯನ್ನು ಸಂದರ್ಶಿಸಿದ ವೆಂಕಟರಾಯರು ನಾಡಿನ ಗತವೈಭವವನ್ನು ಜನರಿಗೆ ತಿಳಿಸಲು ಸಂಕಲ್ಪಿಸಿದರು. ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕರಾಗಿ ದುಡಿದರು. 1917ರಲ್ಲಿ ಪ್ರಕಟವಾದ ಇವರ ಕರ್ನಾಟಕ ಗತವೈಭವ ಗ್ರಂಥವು ಕನ್ನಡಿಗರಲ್ಲಿ ಸ್ವಾಭಿಮಾನವನ್ನು ಜಾಗೃತಗೊಳಿಸಿತು. 1922ರಲ್ಲಿ ಜಯಕರ್ನಾಟಕ ಮಾಸಪತ್ರಿಕೆಯನ್ನು ಆರಂಭಿಸಿದರು. 1930ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಕರ್ನಾಟಕತ್ವವು ಭಾರತೀಯತೆಗೆ ವಿರೋಧಿಯಲ್ಲ, ಪೂರಕವೆಂಬುದು ಇವರ ದೃಢವಾದ ನಿಲುವಾಗಿತ್ತು.

ಸ್ವಾತಂತ್ರ್ಯ ಬಂದರೂ ಏಕೀಕರಣ ಕೂಡಲೇ ಕೈಗೂಡಲಿಲ್ಲ. 1953ರಲ್ಲಿ ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣಾಂತ ಉಪವಾಸ ಕೈಗೊಂಡಾಗ ಹುಬ್ಬಳ್ಳಿಯಲ್ಲಿ ಜನರು ಅಪಾರ ಸಂಖ್ಯೆಯಲ್ಲಿ ಬೀದಿಗಿಳಿದರು. ಕೊನೆಗೆ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಆಗ 76 ವರ್ಷದವರಾಗಿದ್ದ ವೆಂಕಟರಾಯರು ಹಂಪೆಗೆ ತೆರಳಿ ಭುವನೇಶ್ವರಿ ದೇವಿಗೆ ಪೂಜೆ ಸಲ್ಲಿಸಿದರು.

ಕೊನೆಯ ದಿನಗಳು

ಏಕೀಕರಣದ ನಂತರದ ಬದಲಾವಣೆಗಳಲ್ಲಿ ಕೆಲವನ್ನು ಇವರು ಕಣ್ಣಾರೆ ಕಂಡರು. 1962ರಲ್ಲಿ ವ್ಯಾಪಾರ ಕೇಂದ್ರವಾದ ಹುಬ್ಬಳ್ಳಿ ಹಾಗೂ ವಿದ್ಯಾಕೇಂದ್ರವಾದ ಧಾರವಾಡ ನಗರಗಳನ್ನು ಒಂದುಗೂಡಿಸಿ ಮಹಾನಗರಪಾಲಿಕೆಯನ್ನು ರಚಿಸಲಾಯಿತು. 1963ರಲ್ಲಿ ರಾಜಭಾಷಾ ಅಧಿನಿಯಮದ ಮೂಲಕ ಕನ್ನಡವು ರಾಜ್ಯದ ಆಡಳಿತ ಭಾಷೆಯಾಯಿತು. 1964ರ ಫೆಬ್ರುವರಿ 25ರಂದು ವೆಂಕಟರಾಯರು ನಿಧನರಾದರು. ಇವರು ಜೀವನವಿಡೀ ಜಪಿಸಿದ ಕರ್ನಾಟಕ ಎಂಬ ಹೆಸರು ರಾಜ್ಯಕ್ಕೆ ದೊರೆತದ್ದು 1973ರ ನವೆಂಬರ್ 1ರಂದು. ಆ ದಿನವನ್ನು ಕಾಣುವ ಭಾಗ್ಯ ಇವರಿಗಿರಲಿಲ್ಲ.

ಧಾರವಾಡದಲ್ಲಿ ಸಭಾಭವನವೊಂದಕ್ಕೆ ಹಾಗೂ ಬೆಂಗಳೂರಿನಲ್ಲಿ ರಸ್ತೆಯೊಂದಕ್ಕೆ ಇವರ ಹೆಸರನ್ನು ಇಡಲಾಗಿದೆ. ಈ ಭಾಗದ ನಾಗರಿಕರು ಇಂದು ಸರಕಾರಿ ಕಚೇರಿಗಳಲ್ಲಿ ತಮ್ಮ ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು, ಕನ್ನಡದಲ್ಲಿಯೇ ಉತ್ತರ ಪಡೆಯುವಂತಾಗಿರುವುದರ ಹಿಂದೆ ವೆಂಕಟರಾಯರಂತಹ ಹಿರಿಯರ ಅರ್ಧ ಶತಮಾನದ ಪರಿಶ್ರಮವಿದೆ ಎಂಬುದು ಸ್ಮರಣೀಯ.