ಯೂನಿಫಾರ್ಮ್ ಬಿಚ್ಚಿದ ಮೇಲೂ ಸೈನಿಕರ ಕೈಬಿಡದ ಕಾರ್ಯಪ್ಪ

ಗುಡೂರು: ಜನವರಿ 15 ಬಂದ್ರ ಸಾಕು, ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಫೋಟೋ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಅನ್ನೋದು ಶಾಲಿ ಮಕ್ಕಳಿಗೂ ಗೊತ್ತು. ಆದ್ರ ಸೇನೆಯಿಂದ ಹೊರಬಂದ ಮೇಲೆ 40 ವರ್ಷ ಬದುಕಿದ ಅವರು ಏನು ಮಾಡಿದರು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಭಾಗದ ಮಾಜಿ ಸೈನಿಕರ ಮನೆಗಳಿಗೆ ಬೇಕಾದದ್ದು ಆ ಕಥೆನೇ.

ಕೊಡಗಿನ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿದ ಕಾರ್ಯಪ್ಪ, 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ ಅಧಿಕಾರಿ ಆದರು. ಬ್ರಿಟಿಷರ ಕಾಲದಲ್ಲಿ ಭಾರತೀಯರಿಗೆ ದೊಡ್ಡ ಹುದ್ದೆ ಸಿಗೋದು ಸುಲಭ ಇರಲಿಲ್ಲ. 1933ರಲ್ಲಿ ಕ್ವೆಟ್ಟಾ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಇವರು. 1942ರಲ್ಲಿ ಒಂದು ಬೆಟಾಲಿಯನ್‌ನ ನಾಯಕತ್ವ ಸಿಕ್ಕಿತು, ಅದೂ ಭಾರತೀಯರಲ್ಲಿ ಮೊದಲು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಇಡೀ ಸೇನೆಯ ಅಧಿಕಾರ ವಹಿಸಿಕೊಂಡರು. ಅದೇ ದಿನ ಇವತ್ತಿನ ಸೇನಾ ದಿನ.

1953ರಲ್ಲಿ ನಿವೃತ್ತಿ. ಆಮೇಲೆ ಮೂರು ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೈಕಮಿಷನರ್. ವಾಪಸ್ ಬಂದು ಮಡಿಕೇರಿಯ ರೋಶನಾರಾ ಮನೆಯಲ್ಲಿ ನೆಲೆಸಿದರು.

ಜನರಲ್‌ಗೆ ಮನೆ, ಮರ್ಯಾದೆ ಎಲ್ಲಾ ಇತ್ತು. ಸಾದಾ ಜವಾನನ ಪರಿಸ್ಥಿತಿ ಬೇರೆ. ಸಣ್ಣ ವಯಸ್ಸಿನಲ್ಲೇ ಸರ್ವೀಸ್ ಮುಗಿಸಿ ಊರಿಗೆ ಬರ್ತಾನ. ಸಂಸಾರ ದೊಡ್ಡದು, ಪಿಂಚಣಿ ಸಣ್ಣದು, ಮೈಯಲ್ಲಿ ಹಳೆ ಗಾಯ. ಚದುರಿ ಹೋದ ಇವರ ಮಾತು ದಿಲ್ಲಿಗೆ ಮುಟ್ಟಬೇಕಂದ್ರ ಒಂದು ಸಂಘಟನೆ ಬೇಕಿತ್ತು. 1964ರಲ್ಲಿ ಕಾರ್ಯಪ್ಪ ಭಾರತೀಯ ಮಾಜಿ ಸೈನಿಕರ ಲೀಗ್ ಕಟ್ಟಿದರು. ಪಿಂಚಣಿ, ಪುನರ್ವಸತಿ, ಚಿಕಿತ್ಸೆ ಬಗ್ಗೆ ಮಾಜಿ ಸೈನಿಕರು ಒಟ್ಟಾಗಿ ಕೇಳೋದಕ್ಕೆ ಅದು ದಾರಿ ಆಯಿತು.

ಮರುವರ್ಷವೇ ಅವರ ಮನೆಗೇ ಪರೀಕ್ಷೆ ಬಂತು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮಗ ನಂದಾ ಕಾರ್ಯಪ್ಪ ಪಾಕಿಸ್ತಾನದ ಕೈಗೆ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೊಮ್ಮೆ ಕಾರ್ಯಪ್ಪ ಅವರ ಕೈಕೆಳಗೇ ಕೆಲಸ ಮಾಡಿದವರು. ಮಗನನ್ನು ಬಿಡ್ತೀವಿ ಅಂತ ಅವರ ಕಡೆಯಿಂದ ಮಾತು ಬಂತು, ಸೆರೆಯಲ್ಲಿರೋ ಎಲ್ಲರೂ ನನ್ನ ಮಕ್ಕಳೇ, ಒಬ್ಬನಿಗೇ ಬೇಡ ಅಂತ ತಂದೆ ನಿರಾಕರಿಸಿದರು ಅಂತ ಸೇನೆಯಲ್ಲಿ ಇವತ್ತಿಗೂ ಹೇಳ್ತಾರ. ನಂದಾ 1966ರಲ್ಲಿ ಊರಿಗೆ ಮರಳಿದರು.

1986ರಲ್ಲಿ ಸರಕಾರ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಕೊನೆಯ ವರ್ಷಗಳಲ್ಲಿ ಸಂಧಿವಾತ, ಹೃದಯದ ತೊಂದರೆ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೀತಿದ್ದ ಅವರು 1993ರ ಮೇ 15ರಂದು ನಿದ್ದೆಯಲ್ಲೇ ತೀರಿಕೊಂಡರು. ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು.

ಆಗ ನಮ್ಮ ಕಡೆಯ ನಿವೃತ್ತ ಜವಾನನಿಗೆ ಸೇನೆಯ ಚಿಕಿತ್ಸೆ ಬೇಕಂದ್ರ ಬೆಳಗಾವಿಯ ಮಿಲಿಟರಿ ಆಸ್ಪತ್ರೆಗೋ ಬೆಂಗಳೂರಿಗೋ ಬಸ್ ಹತ್ತಬೇಕಿತ್ತು. ಹಾಸಿಗೆ ಖಾಲಿ ಇದ್ರ ಸಿಕ್ಕಿತು, ಇಲ್ಲಾಂದ್ರ ಇಲ್ಲ. ಕಾರ್ಯಪ್ಪ ತೀರಿದ ಹತ್ತು ವರ್ಷಕ್ಕೆ, 2003ರ ಏಪ್ರಿಲ್ 1ರಂದು ಮಾಜಿ ಸೈನಿಕರ ಆರೋಗ್ಯ ಯೋಜನೆ, ಅಂದ್ರ ಇಸಿಎಚ್‌ಎಸ್ ಶುರುವಾಯಿತು. ಪಿಂಚಣಿ ಪಡೆಯುವ ಮಾಜಿ ಸೈನಿಕರು ಒಮ್ಮೆ ವಂತಿಗೆ ಕಟ್ಟಿದರೆ ಅವರಿಗೆ, ಹೆಂಡತಿಗೆ, ಅವಲಂಬಿತರಿಗೆ ಪಾಲಿಕ್ಲಿನಿಕ್‌ನಲ್ಲಿ ಔಷಧ ಸಿಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ಅಲ್ಲಿಂದಲೇ ಚೀಟಿ ಬರೆದು ಒಪ್ಪಂದದ ಖಾಸಗಿ ಆಸ್ಪತ್ರೆಗೆ ಕಳಿಸ್ತಾರ. 1996ಕ್ಕಿಂತ ಮೊದಲು ನಿವೃತ್ತರಾದವರಿಗೆ ವಂತಿಗೆಯೂ ಇಲ್ಲ.

ಪಿಂಚಣಿ ಇಲ್ಲದ ಹವಾಲ್ದಾರ್ ದರ್ಜೆವರೆಗಿನವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ವೈದ್ಯಕೀಯ ಸಹಾಯಧನ ಐತಿ. ಅರ್ಜಿಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ನಿದ್ದೆ ಬರದೇ, ಹಳೇದು ನೆನಪಾಗಿ ಒದ್ದಾಡೋರಿಗೆ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ. ಅದಕ್ಕ ನಾಚಿಕೆ ಬೇಡ.

ನಿಮ್ಮ ಓಣಿಯಲ್ಲಿ ಮಾಜಿ ಸೈನಿಕರು, ಇಲ್ಲಾ ಅವರ ವಿಧವೆಯರು ಇದ್ರ ಕಾರ್ಡ್ ಐತೇನು ಅಂತ ಒಮ್ಮೆ ಕೇಳಿ. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್ ಟ್ರಂಕಿನಿಂದ ಹೊರಗೆ ತೆಗೆಸಿ. ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್ ಇಟ್ಟವರು ಅರ್ಜಿ ತುಂಬೋಕೆ ಅರ್ಧ ತಾಸು ಕೊಟ್ರೂ ಒಂದು ಮನೆಗೆ ದೊಡ್ಡ ಆಸರೆ.