ಚರ್ಮದ ಕಾರ್ಖಾನೆಯಿಂದ ಕೀಟಲೋಕಕ್ಕೆ: ವಿಲಿಯಂ ಡಿಸ್ಟಂಟ್

ತೊಗರಿ ಹೊಲದಲ್ಲಿ ಓಡಾಡಿದವರಿಗೆ ಈ ಹುಳು ಹೊಸದಲ್ಲ. ಎಳೆ ಟೊಂಗೆಯ ಮೇಲೆ ಮುಳ್ಳು ಮೂಡಿದಂತೆ ಸಾಲಾಗಿ ಕೂತಿರುತ್ತದೆ. ಬೆರಳು ಹತ್ತಿರ ತಂದರೆ ಟೊಂಗೆಯ ಆಚೆ ಬದಿಗೆ ಸರಿದುಕೊಳ್ಳುತ್ತದೆ. ಇನ್ನೂ ಹತ್ತಿರ ಹೋದರೆ ಟಪ್ಪನೆ ಜಿಗಿದು ಮಾಯ. ಗಿಡದ ರಸ ಹೀರಿ ಅದು ಬಿಡುವ ಸಿಹಿ ದ್ರವಕ್ಕಾಗಿ ಇರುವೆಗಳು ಸುತ್ತ ಕಾವಲು ನಿಂತಿರುತ್ತವೆ. ಬೆನ್ನ ಮೇಲೆ ದನದ ಕೊಂಬಿನಂಥ ಎರಡು ಕೊಂಬು. ಅದಕ್ಕೇ ನಮ್ಮ ಕಡೆಯ ಕೃಷಿ ಪುಸ್ತಕಗಳಲ್ಲಿ ಇದು ಕೌ ಬಗ್. ಬೇರೆ ಕಡೆ ಟ್ರೀಹಾಪರ್ ಎನ್ನುತ್ತಾರೆ. ವಿಜ್ಞಾನಿಗಳ ಲೆಕ್ಕದಲ್ಲಿ ಮೆಂಬ್ರಾಸಿಡೆ ಎಂಬ ಕುಟುಂಬ.

ಜಗತ್ತಿನಲ್ಲಿ ಈ ಕೊಂಬಿನ ಹುಳುಗಳ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಪತ್ತೆಯಾಗಿವೆ. ಹೆಚ್ಚಿನವು ಅಮೆರಿಕ ಖಂಡಗಳಲ್ಲಿವೆ. ಆಫ್ರಿಕಾದ ಹುಳುಗಳೂ ನಮ್ಮವೂ ಹತ್ತಿರದ ನೆಂಟರು. ನಮ್ಮ ಜಾಲಿ, ತೊಗರಿಯ ಮೇಲೆ ಕೂರುವ ಆಕ್ಸಿರಾಕಿಸ್ ಎಂಬ ಕುಲವೇ ಆಫ್ರಿಕಾದ ಬಯಲಿನ ಜಾಲಿ ಮರಗಳ ಮೇಲೂ ಇದೆ. ಎರಡೂ ಕಡೆಯ ಹುಳುಗಳ ಪಟ್ಟಿ ತೆರೆದರೆ ಪ್ರಭೇದದ ಹೆಸರಿನ ಮುಂದೆ ಒಬ್ಬರ ಹೆಸರು ಮತ್ತೆ ಮತ್ತೆ ಸಿಗುತ್ತದೆ: ಡಿಸ್ಟಂಟ್. ವಿಲಿಯಂ ಲ್ಯೂಕಾಸ್ ಡಿಸ್ಟಂಟ್ ಇಂಗ್ಲೆಂಡಿನವರು. ಬದುಕಿನ ಬಹುಪಾಲು ಅವರ ಹೊಟ್ಟೆಪಾಡು ನಡೆದದ್ದು ಲಂಡನ್ನಿನ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ.

ಡಿಸ್ಟಂಟ್ ಹುಟ್ಟಿದ್ದು 1845ರ ನವೆಂಬರ್ 12ರಂದು, ಥೇಮ್ಸ್ ನದಿಯ ದಂಡೆಯ ರಾದರ್‌ಹೈತ್‌ನಲ್ಲಿ. ಅದು ಹಡಗುಕಟ್ಟೆಗಳ ಊರು. ತಂದೆ ಅಲೆಕ್ಸಾಂಡರ್ ಡಿಸ್ಟಂಟ್ ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ. 1867ರಲ್ಲಿ ಮಗ ಮಲಯ ದೇಶಕ್ಕೆ ಹೋದರು. ಆಗ ಅವರಿಗೆ ಇಪ್ಪತ್ತೊಂದರ ವಯಸ್ಸು. ಮನಸ್ಸು ನೆಟ್ಟದ್ದು ಅಲ್ಲಿನ ಕಾಡಿನ ಚಿಟ್ಟೆಗಳ ಮೇಲೆ. ಲಂಡನ್ನಿಗೆ ಮರಳಿ ಕಾರ್ಖಾನೆಯ ಕೆಲಸ ಮಾಡುತ್ತಲೇ ಮಲಯದ ಚಿಟ್ಟೆಗಳ ಬಗ್ಗೆ ರೋಪಲೋಸೆರಾ ಮಲಯಾನಾ ಎಂಬ ದೊಡ್ಡ ಗ್ರಂಥ ಬರೆದರು. ಅದು 1882ರಿಂದ 1886ರ ತನಕ ಪ್ರಕಟವಾಯಿತು. ಅಂದರೆ ಒಂದು ಪ್ರವಾಸದ ಋಣ ತೀರಿಸಲು ಹತ್ತೊಂಬತ್ತು ವರ್ಷ!

ಆ ಕಾಲದ ಇಂಗ್ಲೆಂಡಿನಲ್ಲಿ ಹೀಗೆ ಕೆಲಸದ ಹೊತ್ತು ಮುಗಿಸಿ ಹುಳು ಹುಪ್ಪಟೆ ಶೇಖರಿಸುವವರು ಬಹಳ ಮಂದಿ ಇದ್ದರು. ಪಾದ್ರಿಗಳು, ವೈದ್ಯರು, ಬ್ಯಾಂಕಿನವರು ಎಲ್ಲ ಇದ್ದರು. ಅವರ ನಡುವೆ ಡಿಸ್ಟಂಟ್ ಬೇಗ ಮೇಲೆ ಬಂದರು. 1878ರಿಂದ 1880ರ ತನಕ ಲಂಡನ್ನಿನ ಕೀಟಶಾಸ್ತ್ರ ಸಂಘದ ಕಾರ್ಯದರ್ಶಿಯಾಗಿದ್ದರು, ಮುಂದೆ ಉಪಾಧ್ಯಕ್ಷರೂ ಆದರು. ಚಿಟ್ಟೆಯಿಂದ ಅವರ ಗಮನ ನಿಧಾನವಾಗಿ ಬೇರೆಡೆಗೆ ಹೊರಳಿತು. ತಿಗಣೆ, ಜಿಗಿಹುಳು, ಜೀರುಂಡೆಯಂತೆ ಮರದಲ್ಲಿ ಕೂಗುವ ಸಿಕಾಡಾ, ಕೊಂಬಿನ ಹುಳು ಇವೆಲ್ಲ ಸೂಜಿಯಂಥ ಮೂತಿಯಿಂದ ರಸ ಹೀರುವ ಒಂದೇ ಬಳಗ. ಆಗ ಅದನ್ನು ರಿಂಕೋಟಾ ಎನ್ನುತ್ತಿದ್ದರು. ಚಿಟ್ಟೆಯ ಅಂದ ಇವಕ್ಕಿಲ್ಲ, ಆದ್ದರಿಂದ ಹಿಂದೆ ಬೀಳುವವರೂ ಕಡಿಮೆ. ಪೆಟ್ಟಿಗೆಗಟ್ಟಲೆ ಹುಳುಗಳು ಹೆಸರಿಲ್ಲದೆ ಬಿದ್ದಿದ್ದವು.

ಆಫ್ರಿಕಾ ಅವರ ಬದುಕಿಗೆ ಬಂದದ್ದು ನಲವತ್ತು ದಾಟಿದ ಮೇಲೆ. ಕಾರ್ಖಾನೆಯ ನೌಕರಿಯಲ್ಲಿದ್ದಾಗಲೇ ಎರಡು ಸಲ ಟ್ರಾನ್ಸ್‌ವಾಲ್‌ಗೆ ಹೋಗಿ ದೀರ್ಘಕಾಲ ಇದ್ದರು. ಈಗ ದಕ್ಷಿಣ ಆಫ್ರಿಕಾಕ್ಕೆ ಸೇರಿದ ಆ ಸೀಮೆ ಆಗ ಬೋಯರ್ ಜನರ ಸ್ವತಂತ್ರ ಗಣರಾಜ್ಯ, ಪ್ರಿಟೋರಿಯಾ ಅದರ ರಾಜಧಾನಿ. 1886ರಲ್ಲಿ ಜೊಹಾನ್ಸ್‌ಬರ್ಗ್ ಬಳಿ ಚಿನ್ನ ಸಿಕ್ಕಿದ ಮೇಲೆ ಊರೂರಿನ ಜನ ಅಲ್ಲಿಗೆ ಮುಗಿಬೀಳುತ್ತಿದ್ದರು. ಎಲ್ಲರೂ ನೆಲದ ಕೆಳಗೆ ನೋಡುತ್ತಿದ್ದಾಗ ಡಿಸ್ಟಂಟ್ ಪೊದೆಗಳ ಟೊಂಗೆ ನೋಡಿದರು. ಮೊದಲ ಪ್ರವಾಸದ ಫಲ 1892ರಲ್ಲಿ ಬಂದ ಎ ನ್ಯಾಚುರಲಿಸ್ಟ್ ಇನ್ ದಿ ಟ್ರಾನ್ಸ್‌ವಾಲ್ ಎಂಬ ಪುಸ್ತಕ. ಎರಡನೆಯ ಸಲ ನಾಲ್ಕು ವರ್ಷದಷ್ಟು ಕಾಲ ಅಲ್ಲೇ ಇದ್ದು ರಾಶಿ ರಾಶಿ ಕೀಟ ಕೂಡಿಹಾಕಿದರು. ಅವುಗಳ ವಿವರಣೆ ಇನ್ಸೆಕ್ಟಾ ಟ್ರಾನ್ಸ್‌ವಾಲಿಯೆನ್ಸಿಯಾ ಎಂಬ ಹೆಸರಿನಲ್ಲಿ 1900ರಿಂದ 1911ರ ತನಕ ಭಾಗ ಭಾಗವಾಗಿ ಹೊರಬಂತು. ಅಷ್ಟರಲ್ಲಿ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ನಡೆದು ಆ ಗಣರಾಜ್ಯವೇ ಇಲ್ಲವಾಗಿತ್ತು. ಪುಸ್ತಕದ ತಲೆಬರಹದಲ್ಲಿ ಅದರ ಹೆಸರು ಉಳಿಯಿತು.

1897ರಲ್ಲಿ ಡಿಸ್ಟಂಟ್ ದಿ ಝೂಆಲಜಿಸ್ಟ್ ಪತ್ರಿಕೆಯ ಸಂಪಾದಕರಾದರು. 1914ರ ತನಕ ಅದನ್ನು ನಡೆಸಿದರು. ಅದಕ್ಕಿಂತ ಮುಖ್ಯವಾದ ತಿರುವು 1899ರದ್ದು. ಸೌತ್ ಕೆನ್ಸಿಂಗ್ಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಅವರಿಗೆ ಅರೆಕಾಲಿಕ ಕೆಲಸ ಸಿಕ್ಕಿತು. ಐವತ್ತಮೂರರ ವಯಸ್ಸಿನಲ್ಲಿ ಮೊದಲ ಸಲ, ಅದೂ ಅರ್ಧ ಹೊತ್ತು ಮಾತ್ರ, ಹುಳು ನೋಡಿದ್ದಕ್ಕೆ ಸಂಬಳ! 1920ರ ತನಕ ಅವರು ಅಲ್ಲೇ ಇದ್ದರು.

ಅಲ್ಲಿ ಕಾದಿದ್ದ ಕೆಲಸ ಸುಲಭದ್ದಲ್ಲ. ಅದೇ ಸಂಗ್ರಹದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಕೆಲಸ ಮಾಡಿದ ಫ್ರಾನ್ಸಿಸ್ ವಾಕರ್ ಸಾವಿರಾರು ಹುಳುಗಳಿಗೆ ಅವಸರದಲ್ಲಿ ಹೆಸರಿಟ್ಟು ಹೋಗಿದ್ದರು. ಒಂದೇ ಪ್ರಭೇದಕ್ಕೆ ಎರಡು ಮೂರು ಹೆಸರು ಬಿದ್ದದ್ದೂ ಉಂಟು. ಆಫ್ರಿಕಾದ ಮಟ್ಟಿಗೆ ಗಟ್ಟಿಯಾದ ಬುನಾದಿ ಹಾಕಿದವರು ಸ್ವೀಡನ್ನಿನ ಕಾರ್ಲ್ ಸ್ಟೋಲ್. 1864ರಿಂದ 1866ರೊಳಗೆ ನಾಲ್ಕು ಸಂಪುಟಗಳ ಹೆಮಿಪ್ಟೆರಾ ಆಫ್ರಿಕಾನಾ ಬರೆದ ಅವರು 1878ರಲ್ಲಿ, ನಲವತ್ತೈದು ವರ್ಷಕ್ಕೇ ತೀರಿಕೊಂಡರು. ಆಮೇಲೆ ಬಂದವರು ಜಾರ್ಜ್ ಬಕ್ಟನ್. ಕೊಂಬಿನ ಹುಳುಗಳ ಬಗ್ಗೆಯೇ ಅವರು ಬರೆದ ಸಚಿತ್ರ ಗ್ರಂಥ 1903ರಲ್ಲಿ ಪೂರ್ಣವಾಯಿತು. ಆಗ ಬಕ್ಟನ್ ಎಂಬತ್ತೈದರ ಹತ್ತಿರದ ಮುದುಕರು. ಚಿತ್ರ ಸೊಗಸಾಗಿದ್ದರೂ ಯಾವ ಹುಳು ಯಾವ ಕುಲಕ್ಕೆ ಸೇರಬೇಕು ಎನ್ನುವಲ್ಲಿ ತಪ್ಪುಗಳಿದ್ದವು. ವಾಕರ್, ಸ್ಟೋಲ್, ಬಕ್ಟನ್ ಮೂವರ ಹೆಸರುಗಳನ್ನೂ ಮುಂದಿಟ್ಟುಕೊಂಡು, ಪೆಟ್ಟಿಗೆಯ ಹುಳುವಿನ ಜೊತೆ ತಾಳೆ ನೋಡಿ, ಯಾವುದು ನಿಲ್ಲುತ್ತದೆ ಯಾವುದು ಬೀಳುತ್ತದೆ ಎಂದು ತೀರ್ಮಾನಿಸುವ ಪಾಳಿ ಡಿಸ್ಟಂಟ್‌ಗೆ ಬಂತು.

ಕೊಂಬಿನ ಹುಳುವನ್ನು ಗುರುತಿಸುವುದು ಹೇಗೆ? ಅದರ ಕೊಂಬು ನಿಜವಾಗಿ ಕೊಂಬಲ್ಲ, ತಲೆಯ ಹಿಂದಿನ ಎದೆಯ ಮೊದಲ ಹಲಗೆ ಬೆಳೆದು ಉಬ್ಬಿಕೊಂಡದ್ದು. ಆ ಹಲಗೆ ಮೇಲಕ್ಕೆ ಕೊಂಬಾಗುತ್ತದೆ, ಹಿಂದಕ್ಕೆ ಬಾಲದಂತೆ ಚಾಚುತ್ತದೆ. ಆಫ್ರಿಕಾದ ಕೆಲವು ಹುಳುಗಳಲ್ಲಿ ಅದು ಗಂಟು ಗಂಟಾಗಿ, ಕಮಾನಾಗಿ, ಒಣಗಿದ ಮುಳ್ಳಿನ ಚೂರಿನಂತೆ ಕಾಣುತ್ತದೆ. ಕೊಂಬು ಎತ್ತ ಬಾಗಿದೆ, ಹಿಂದಿನ ಚಾಚು ರೆಕ್ಕೆಯ ಮೇಲೆ ಒರಗಿದೆಯೋ ಎತ್ತರದಲ್ಲಿದೆಯೋ, ಎದೆಯ ಹಿಂದಿನ ತ್ರಿಕೋನದ ಚಿಕ್ಕ ಹಲಗೆ ಹೊರಗೆ ಕಾಣುತ್ತದೆಯೋ ಮುಚ್ಚಿದೆಯೋ, ರೆಕ್ಕೆಯ ನರಗಳು ಹೇಗೆ ಕವಲೊಡೆದಿವೆ ಎಂದು ಒಂದೊಂದಾಗಿ ನೋಡಬೇಕು. ಆ ತ್ರಿಕೋನದ ಹಲಗೆ ಮುಚ್ಚಿದ್ದರೆ ಆಕ್ಸಿರಾಕಿಸ್ ಬಳಗ, ಕಂಡರೆ ಸಾಮಾನ್ಯವಾಗಿ ಅದರ ನೆಂಟರು. ಇಷ್ಟೆಲ್ಲ ನೋಡಬೇಕಾದ ಹುಳುವಿನ ಉದ್ದ ಅರ್ಧ ಇಂಚೂ ಇರುವುದಿಲ್ಲ.

ಆದರೆ ಕೊಂಬು ಮೋಸ ಮಾಡುತ್ತದೆ. ಎಷ್ಟೋ ಪ್ರಭೇದಗಳಲ್ಲಿ ಹೆಣ್ಣಿನ ಕೊಂಬು ಉದ್ದ, ಗಂಡಿನದು ಗಿಡ್ಡ, ಬಣ್ಣವೂ ಬೇರೆ. ಮರಿಗಳಿಗೆ ಈ ಕೊಂಬಿನ ರೂಪವೇ ಇನ್ನೂ ಬಂದಿರುವುದಿಲ್ಲ. ಒಂದೇ ಟೊಂಗೆಯಲ್ಲಿ ಗಂಡು, ಹೆಣ್ಣು, ಮರಿ ಕೂತಿರುವುದನ್ನು ಕಂಡವನಿಗೆ ಇವೆಲ್ಲ ಒಂದೇ ಮನೆಯವು ಎಂದು ಗೊತ್ತಾಗುತ್ತದೆ. ಲಂಡನ್ನಿನ ಮೇಜಿಗೆ ಬರುತ್ತಿದ್ದುದು ಸೂಜಿಗೆ ಚುಚ್ಚಿದ ಒಂದೋ ಎರಡೋ ಒಣ ಹುಳು, ಜೊತೆಗೆ ಊರಿನ ಹೆಸರಿನ ಚೀಟಿ. ಯಾವ ಮರದಲ್ಲಿತ್ತು, ಇರುವೆ ಇತ್ತೇ, ಜೋಡಿ ಯಾವುದು ಎಂಬುದೆಲ್ಲ ದಾರಿಯಲ್ಲೇ ಕಳೆದುಹೋಗಿರುತ್ತಿತ್ತು. ಟ್ರಾನ್ಸ್‌ವಾಲ್‌ನ ಪೊದೆಗಳನ್ನು ಕಣ್ಣಾರೆ ಕಂಡ ಡಿಸ್ಟಂಟ್‌ಗೆ ಇದು ತಿಳಿಯದ ಸಂಗತಿ ಆಗಿರಲಾರದು. ಆದರೂ ಅವರು ಬರೆದದ್ದು ಮೇಜಿನ ಮೇಲಿದ್ದ ಹುಳುವನ್ನು ನೋಡಿ, ಆಕಾರ ಮತ್ತು ಬಣ್ಣ ನಂಬಿ. ಇಂದು ಪ್ರಭೇದ ಬೇರ್ಪಡಿಸಲು ತಜ್ಞರು ಮೊದಲು ನೋಡುವ ಗಂಡಿನ ಜನನಾಂಗದ ರಚನೆ ಅವರ ವಿವರಣೆಗಳಲ್ಲಿ ಸಿಗುವುದೇ ಅಪರೂಪ. ವಾಕರ್ ಬಿಟ್ಟುಹೋದ ಗೋಜಲನ್ನು ಬಿಡಿಸಲು ಕೂತವರು ತಾವೂ ಒಂದಿಷ್ಟು ಗಂಟು ಹಾಕಿದರು.

ಹಾಗೆಂದು ಅವರ ದುಡಿಮೆ ಕಡಿಮೆಯದಲ್ಲ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಎಂಬ ಸರಣಿಯಲ್ಲಿ ರಿಂಕೋಟಾ ಬಳಗದ ಏಳು ಸಂಪುಟಗಳನ್ನು 1902ರಿಂದ 1918ರೊಳಗೆ ಅವರೊಬ್ಬರೇ ಬರೆದರು. ನಾಲ್ಕನೆಯ ಸಂಪುಟ 1908ರದ್ದು, ಕೊಂಬಿನ ಹುಳುಗಳು ಇರುವುದು ಅದರಲ್ಲಿ. ಈ ಸಂಪುಟಗಳಲ್ಲಿ ನೀಲಗಿರಿ ಬೆಟ್ಟದಿಂದ ಹೋದ ಹುಳುಗಳೂ ಸಿಲೋನಿನಿಂದ ಹೋದವೂ ಸಾಲುಸಾಲಾಗಿ ಸಿಗುತ್ತವೆ. ಕೊನೆಯ ಸಂಪುಟ ಬಂದಾಗ ಡಿಸ್ಟಂಟ್‌ಗೆ ಎಪ್ಪತ್ತೆರಡು ದಾಟಿತ್ತು.

ಆ ವರ್ಷ ಅವರು ಹೆಸರಿಟ್ಟ ಒಂದು ಹುಳು ಆದೋನಿ ಕಡೆಯ ಹತ್ತಿ ಬೆಳೆಗಾರರಿಗೆಲ್ಲ ಪರಿಚಿತ. ಹತ್ತಿ, ಬೆಂಡೆಯ ಎಲೆಯಂಚನ್ನು ಹಳದಿ ಮಾಡಿ, ಕೆಂಪಾಗಿಸಿ, ಮುದುಡಿಸುವ ಹಸಿರು ಜಿಗಿಹುಳು. ಬೆಳೆ ಹಾಳುಗೆಡವುವುದು ಎಂಬ ಅರ್ಥ ಬರುವಂತೆ ಡಿವಾಸ್ಟನ್ಸ್ ಎಂದು ಕರೆದರು. ಆದರೆ ಅದೇ ಹುಳುವಿಗೆ ಬೇರೆಡೆ ಕೆಲವು ವರ್ಷ ಮೊದಲೇ ಬಿಗುಟುಲಾ ಎಂದು ಹೆಸರು ಬಿದ್ದಿತ್ತು. ಮೊದಲು ಇಟ್ಟ ಹೆಸರೇ ಊರ್ಜಿತ ಎಂಬುದು ಈ ಶಾಸ್ತ್ರದ ನಿಯಮ. ಹಾಗಾಗಿ ಡಿಸ್ಟಂಟ್ ಇಟ್ಟದ್ದು ಬಿದ್ದುಹೋಯಿತು, ಆದರೂ ಕೃಷಿ ಪುಸ್ತಕಗಳಲ್ಲಿ ಎಷ್ಟೋ ದಶಕ ಅದೇ ಓಡಾಡಿತು. ಇನ್ನೊಂದು ಹುಳುವಿನ ಕತೆ ಇದಕ್ಕೆ ತದ್ವಿರುದ್ಧ. 1903ರಲ್ಲಿ ಮಲಯ ಸೀಮೆಯ ತಿಗಣೆಯೊಂದಕ್ಕೆ ಅವರು ಬೈಸೆರಾಟೆನ್ಸ್ ಎಂದು ಹೆಸರಿಟ್ಟು ಮರೆತಿದ್ದರು. ನೂರು ವರ್ಷ ಕಳೆದು, 2005ರ ಸುಮಾರಿಗೆ ಹಾವೇರಿ ಕಡೆಯ ಬಿಟಿ ಹತ್ತಿಯಲ್ಲಿ ಮೊಗ್ಗು ಉದುರಿಸುವ ಹೊಸ ಪೀಡೆ ಕಾಣಿಸಿಕೊಂಡಿತು. ಯಾವುದೆಂದು ಗುರುತಿಸಿ ನೋಡಿದರೆ ಡಿಸ್ಟಂಟ್ ಹೆಸರಿಟ್ಟ ಅದೇ ತಿಗಣೆ.

ಆಫ್ರಿಕಾದ ಕೊಂಬಿನ ಹುಳುಗಳತ್ತ ಅವರು ಮತ್ತೆ ತಿರುಗಿದ್ದು 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಮ್ಯೂಸಿಯಂನ ಪೆಟ್ಟಿಗೆಗಳಲ್ಲಿ ಇದ್ದ ಮಾದರಿಗಳನ್ನು ನೋಡಿ ಹಲವು ಹೊಸ ಕುಲಗಳನ್ನೂ ಪ್ರಭೇದಗಳನ್ನೂ ಪ್ರಕಟಿಸಿದರು. ಬ್ಯೂಫೋರ್ಟಿಯಾನಾ, ಸ್ಪಾಲಿರಿಸೆಸ್ ಎಂಬ ಕುಲಗಳು ಆ ವರ್ಷದವು. ಅವರ ಸ್ವಂತ ಸಂಗ್ರಹದಲ್ಲಿ ಐವತ್ತು ಸಾವಿರದಷ್ಟು ಕೀಟಗಳಿದ್ದವು. 1920ರಲ್ಲಿ ಮ್ಯೂಸಿಯಂ ಅದನ್ನು ಕೊಂಡುಕೊಂಡಿತು. 1922ರ ಫೆಬ್ರವರಿ 4ರಂದು ಲಂಡನ್ ಹತ್ತಿರದ ವಾನ್‌ಸ್ಟೆಡ್‌ನಲ್ಲಿ ಡಿಸ್ಟಂಟ್ ತೀರಿಕೊಂಡರು.

ಅವರ ಆಫ್ರಿಕಾದ ಹೆಸರುಗಳ ಲೆಕ್ಕ ತಪಾಸಣೆ ನಡೆದದ್ದು ನಲವತ್ತು ವರ್ಷದ ಮೇಲೆ, ಆಫ್ರಿಕಾದ ನೆಲದಲ್ಲೇ. ದಕ್ಷಿಣ ಆಫ್ರಿಕಾದ ಕೀಟತಜ್ಞ ಕೇಪನರ್ 1962ರಲ್ಲಿ ಆಕ್ಸಿರಾಕಿಸ್ ಬಳಗದ ಬಗ್ಗೆ, 1968ರಲ್ಲಿ ಉಳಿದ ದೊಡ್ಡ ಬಳಗದ ಬಗ್ಗೆ ಎರಡು ಗ್ರಂಥ ಹೊರತಂದರು. ಇಂಥ ತಪಾಸಣೆಗೆ ಆಧಾರ ಬರಹವಲ್ಲ, ಹುಳು. ಹೆಸರಿಟ್ಟವರು ಯಾವ ಹುಳುವನ್ನು ಮುಂದಿಟ್ಟುಕೊಂಡು ಬರೆದರೋ ಅದು ಸೂಜಿಯ ಮೇಲೆ ಉಳಿದಿದ್ದರೆ ವಿವರಣೆ ಎಷ್ಟೇ ಸೊರಗಿದ್ದರೂ ಮತ್ತೆ ನೋಡಿ ಸರಿಪಡಿಸಬಹುದು. 2004ರಲ್ಲಿ ಅಮೆರಿಕದ ವ್ಯಾಲೇಸ್ ಮತ್ತು ಡೀಟ್ಸ್ ಎಂಬ ಇಬ್ಬರು ತಜ್ಞರು ಈ ಬಳಗವನ್ನೆಲ್ಲ ಹೊಸದಾಗಿ ವಿಂಗಡಿಸಿದರು. ಆಕ್ಸಿರಾಕಿಸ್ ಬಳಗ ಅಲ್ಲಿ ದೊಡ್ಡ ಬಳಗದೊಳಗೇ ಸೇರಿತು. ಡಿಸ್ಟಂಟ್ 1916ರಲ್ಲಿ ಹೆಸರಿಟ್ಟ ಬ್ಯೂಫೋರ್ಟಿಯಾನಾ ಉಳಿಯಿತಷ್ಟೇ ಅಲ್ಲ, ಅದರ ಸುತ್ತ ಬ್ಯೂಫೋರ್ಟಿಯಾನಿನಿ ಎಂಬ ಹೊಸ ಪಂಗಡವೇ ಆಯಿತು.