ಅರಮನೆ ಕಟ್ಟದ ಬಡಗಿ

ನಮ್ಮ ಟಿ. ನಗರದಿಂದ ಸೈದಾಪೇಟೆ ಕಡೆ ಹೋದರೆ ಚಿನ್ನಮಲೈ. ಮೈಲಾಪುರದ ಸಮುದ್ರದಂಡೆಗೆ ಹೋದರೆ ಸಾಂತೋಮ್. ಎರಡು ಕಡೆಯೂ ಸಂತ ತೋಮನ ಹೆಸರು ಹೇಳುವ ಚರ್ಚುಗಳಿವೆ. ಆದರೆ ಇಂಥ ಗೋಪುರದ ಚರ್ಚನ್ನು ತೋಮ ಕಣ್ಣಾರೆ ಕಂಡವನೇ ಅಲ್ಲ.

ಆತ ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬ. ಗುರುವನ್ನು ಶಿಲುಬೆಗೇರಿಸಿದ ಮೇಲೆ ಶಿಷ್ಯರು ಹೆದರಿ ಬಾಗಿಲು ಭದ್ರಪಡಿಸಿಕೊಂಡು ಒಳಗೆ ಕೂತಿದ್ದರು. ಗುರು ಎದ್ದು ಬಂದದ್ದನ್ನು ಅವರು ಕಂಡಾಗ ತೋಮ ಅಲ್ಲಿರಲಿಲ್ಲ. ಗಾಯ ಮುಟ್ಟಿ ನೋಡದೆ ನಂಬೋದಿಲ್ಲ ಅಂತ ಹಟ ಹಿಡಿದ. ಎಂಟು ದಿನದ ಮೇಲೆ, ಹಾಗೇ ಮುಚ್ಚಿದ ಬಾಗಿಲ ಹಿಂದೆ, ಅವನಿಗೆ ನಂಬಿಕೆ ಬಂತು ಎನ್ನುತ್ತದೆ ಯೋಹಾನನ ಸುವಾರ್ತೆ. ಮೊದಮೊದಲ ಕ್ರೈಸ್ತರು ಜೆರೂಸಲೇಮಿನ ದೇವಾಲಯಕ್ಕೆ ಹೋದರೂ ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದುದು ಮನೆಗಳಲ್ಲೇ.

ತೋಮನ ಮುಂದಿನ ಬದುಕು ಐತಿಹ್ಯದ ಪಾಲು. 3ನೇ ಶತಮಾನದ ಒಂದು ಸಿರಿಯಾಕ್ ಕಥನದಲ್ಲಿ ಆತ ಬಡಗಿ. ಗೊಂಡೋಫರಸನೆಂಬ ಅರಸ ಅರಮನೆ ಕಟ್ಟೋಕೆ ಕೊಟ್ಟ ಹಣವನ್ನೆಲ್ಲ ಬಡಬಗ್ಗರಿಗೆ ಹಂಚಿ, ನಿನ್ನ ಅರಮನೆ ಸ್ವರ್ಗದಲ್ಲಿ ಎದ್ದಿದೆ ಅಂದನಂತೆ. ಸೆರೆಮನೆ ಸೇರಿದ. 19ನೇ ಶತಮಾನದಲ್ಲಿ ಸಿಕ್ಕ ನಾಣ್ಯಗಳಿಂದ ಅಂಥ ಅರಸನೊಬ್ಬ ಇದ್ದದ್ದು ಖಚಿತವಾಯಿತು, ಮಿಕ್ಕದ್ದು ನಂಬಿಕೆ. 52ರಲ್ಲಿ ಆತ ಕೇರಳದ ಕರಾವಳಿಗೆ ಬಂದ, 72ರಲ್ಲಿ ಮೈಲಾಪುರದ ಬಳಿ ಈಟಿಗೆ ಬಲಿಯಾದ ಎಂಬುದೂ ನಂಬಿಕೆಯೇ. ಕೇರಳದಲ್ಲಿ ಏಳೂವರೆ ಪಳ್ಳಿಗಳನ್ನು ಸ್ಥಾಪಿಸಿದನೆಂದೂ ಹೇಳುತ್ತಾರೆ. ಸ್ಥಾಪಿಸಿದ್ದು ಜನರ ಕೂಟಗಳನ್ನು, ಕಟ್ಟಡ ಆಮೇಲಿನದು ಅಂತ ನನ್ನ ಅನಿಸಿಕೆ.

ಬೇರೆ ಕಡೆ ನಡೆದದ್ದೂ ಹಾಗೆಯೇ. ಸಿರಿಯಾದ ದೂರಾ ಯೂರೋಪಸ್‌ನಲ್ಲಿ 3ನೇ ಶತಮಾನದ ಒಂದು ವಾಸದ ಮನೆಯ ನಡುಗೋಡೆ ತೆಗೆದು, ಕೂಟಕ್ಕೆ ಹಜಾರ ಮಾಡಿಕೊಂಡಿದ್ದರು. 313ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ದೊಡ್ಡ ದೊಡ್ಡ ಚರ್ಚುಗಳು ಎದ್ದವು; ಕೆಲವು ಹುತಾತ್ಮರ ಗೋರಿಗಳ ಮೇಲೇ ಎದ್ದವು. ತೋಮನದೆಂದು ನಂಬಿದ ಗೋರಿಯ ಮೇಲೂ 16ನೇ ಶತಮಾನದಲ್ಲಿ ಪೋರ್ಚುಗೀಸರು ಚರ್ಚು ಕಟ್ಟಿದರು. ಸಾಂತೋಮಿನ ಈಗಿನ ಬಿಳಿಯ ಕಟ್ಟಡ ಪೂರ್ತಿಯಾದದ್ದು 1896ರಲ್ಲಿ.

ಅರಮನೆಯ ದುಡ್ಡು ಹಂಚಿದವನಿಗೆ ಇಷ್ಟೆಲ್ಲ ಕಲ್ಲುಗಾರೆ ಯಾಕೆ ಅಂತ ಕೇಳುವವರಿದ್ದಾರೆ. ನಾನು ಅಷ್ಟು ಕಟುವಾಗಿ ಹೇಳಲಾರೆ. ಮುಟ್ಟಿ ನೋಡಬೇಕೆಂಬ ಆಸೆ ತೋಮನೊಬ್ಬನಿಗೇ ಇತ್ತೇ? ಜನಕ್ಕೂ ಮುಟ್ಟೋಕೆ ಒಂದು ಗೋಡೆ ಬೇಕು. ಆದರೆ ಗುಡಿಗಾಗಲಿ ಚರ್ಚಿಗಾಗಲಿ ಚಂದಾ ಎತ್ತುವ ನಾವು, ಆ ಅರಸನ ದುಡ್ಡು ಕೊನೆಗೆ ಯಾರ ಮನೆ ಸೇರಿತು ಎಂಬುದನ್ನೂ ಒಮ್ಮೆ ನೆನೆದರೆ ಒಳ್ಳೆಯದು.